ಬಿಸಿಲಿದ್ದರೂ ಸೋಲಾರ್ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ನಮ್ಮ ತಾರಸಿಯ ಮೇಲೆ 3 ಕಿಲೋವಾಟ್ ಸೋಲಾರ್ ಇದೆ. ಗ್ರಿಡ್‌ಗೆ, ಅಂದರೆ ವಿದ್ಯುತ್ ಕಂಪನಿಯ ಲೈನ್‌ಗೆ, ಜೋಡಿಸಿದ್ದೇವೆ, ಬ್ಯಾಟರಿ ಇಲ್ಲ. ಕರೆಂಟ್ ಹೋದ ಕೂಡಲೇ ಸೋಲಾರ್ ಕೂಡ ನಿಂತುಬಿಡುತ್ತದೆ. ಇದು ಇನ್ವರ್ಟರ್ ದೋಷವೇ? ಸಣ್ಣ ಗಾಳಿಯಂತ್ರವೊಂದನ್ನು ತಂದು ಅದೇ ಇನ್ವರ್ಟರ್‌ಗೆ ಸೇರಿಸಬಹುದೇ?

ಉತ್ತರ: ದೋಷವಲ್ಲ. ಪ್ಯಾನೆಲ್‌ನ ಕರೆಂಟನ್ನು ಗ್ರಿಡ್‌ಗೆ ಹೊಂದುವಂತೆ ಬದಲಿಸುವ ನಿಮ್ಮ ಇನ್ವರ್ಟರ್ ಮಾಡಬೇಕಾದ ಕೆಲಸವನ್ನೇ ಮಾಡುತ್ತಿದೆ. ಕರೆಂಟ್ ಹೋದಾಗ ಎಲ್ಲೋ ಒಬ್ಬ ಲೈನ್‌ಮನ್ ಕಂಬ ಹತ್ತಿರಬಹುದು, ಅಲ್ವಾ? ಆಗಲೂ ನಿಮ್ಮ ಸೋಲಾರ್ ಲೈನ್‌ಗೆ ಕರೆಂಟ್ ಕಳಿಸುತ್ತಿದ್ದರೆ ಅಪಾಯ. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ನಿಮ್ಮ ಮನೆಯಿಂದ ಹೊರಟ ಕಡಿಮೆ ವೋಲ್ಟೇಜ್ ಅದರ ಆಚೆ ಬದಿಯಲ್ಲಿ ಸಾವಿರಾರು ವೋಲ್ಟ್ ಆಗುತ್ತದೆ. ಲೈನ್‌ನಲ್ಲಿ ಕರೆಂಟ್ ಇಲ್ಲ ಎಂದು ನಂಬಿ ಮುಟ್ಟಿದವರ ಜೀವವೇ ಹೋಗಬಹುದು. ಅದಕ್ಕೇ ಗ್ರಿಡ್ ಸತ್ತ 2 ಸೆಕೆಂಡಿನೊಳಗೆ ಇನ್ವರ್ಟರ್ ಲೈನ್‌ಗೆ ಕರೆಂಟ್ ಕೊಡುವುದನ್ನು ನಿಲ್ಲಿಸಬೇಕು ಎಂದು ಎಂಜಿನಿಯರುಗಳ ಸಂಸ್ಥೆ ಐಇಇಇಯ 1547 ಮಾನದಂಡ ಹೇಳುತ್ತದೆ. ಈ ರಕ್ಷಣೆಯನ್ನು ತಪ್ಪಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಕೇಳಬೇಡಿ.

ಕರೆಂಟ್ ಹೋದಾಗಲೂ ದೀಪ, ಫ್ರಿಜ್ ನಡೆಯಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಅದು ಮೊದಲು ಮನೆಯನ್ನು ಗ್ರಿಡ್‌ನಿಂದ ಬೇರ್ಪಡಿಸಿ, ಆಮೇಲೆ ಕರೆಂಟ್ ಕೊಡುತ್ತದೆ.

ಇನ್ನು ಗಾಳಿಯಂತ್ರ. ಅದೇ ಇನ್ವರ್ಟರ್‌ಗೆ ಸೇರಿಸಲೇಬೇಡಿ. ಪ್ಯಾನೆಲ್ ಕೊಡುವುದು ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಅಂದರೆ ಡಿ.ಸಿ. ಸಣ್ಣ ಗಾಳಿಯಂತ್ರಗಳಲ್ಲಿ ಹೆಚ್ಚಿನವು ಕೊಡುವುದು ಗಾಳಿಯ ವೇಗದ ಜೊತೆ ಏರಿಳಿಯುವ ಎ.ಸಿ., ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್. ಅದನ್ನು ಮೊದಲು ಡಿ.ಸಿ. ಮಾಡಿ, ಮತ್ತೆ ಗ್ರಿಡ್‌ಗೆ ಹೊಂದುವ ಎ.ಸಿ. ಮಾಡಬೇಕು. ಇನ್ನೂ ದೊಡ್ಡ ವ್ಯತ್ಯಾಸ ಸಂಪರ್ಕ ಕಡಿದಾಗ ಕಾಣುತ್ತದೆ. ಪ್ಯಾನೆಲ್ ಸುಮ್ನೆ ಬಿಸಿಲು ಕಾಯುತ್ತಾ ಕೂರುತ್ತದೆ. ಗಾಳಿಯಂತ್ರಕ್ಕೆ ಲೋಡ್, ಅಂದರೆ ಅದರ ಕರೆಂಟನ್ನು ಎಳೆದುಕೊಳ್ಳುವ ಸಾಧನ, ತಪ್ಪಿದರೆ ರೆಕ್ಕೆಗಳ ವೇಗ ಏರುತ್ತಲೇ ಹೋಗುತ್ತದೆ. ವೋಲ್ಟೇಜ್ ಹೆಚ್ಚಿ ಇನ್ವರ್ಟರ್ ಸುಡಬಹುದು, ರೆಕ್ಕೆಯೇ ಮುರಿದು ಹಾರಬಹುದು. ಹಾಗಾಗಿ ಗಾಳಿಯಂತ್ರಕ್ಕೆಂದೇ ಮಾಡಿದ ಇನ್ವರ್ಟರ್, ಬ್ರೇಕ್, ಜೊತೆಗೆ ಡಂಪ್ ಲೋಡ್ ಬೇಕು. ಡಂಪ್ ಲೋಡ್ ಎಂದರೆ ಹೆಚ್ಚಾದ ಕರೆಂಟನ್ನು ಶಾಖವಾಗಿ ಕಳೆಯುವ ದೊಡ್ಡ ರೆಸಿಸ್ಟರ್.

ಅಷ್ಟೆಲ್ಲ ಖರ್ಚಿಗೆ ಮೊದಲು ನಿಮ್ಮಲ್ಲಿ ಗಾಳಿ ಎಷ್ಟಿದೆ ನೋಡಿ. ವೇಗ ಅರ್ಧವಾದರೆ ಗಾಳಿಯಲ್ಲಿರುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಸುತ್ತ ಮರ, ಕಟ್ಟಡ ಇದ್ದರೆ ಗಾಳಿ ಸುಳಿಸುಳಿಯಾಗಿ ಬರುತ್ತದೆ, ಯಂತ್ರ ಜಾಸ್ತಿ ಸವೆಯುತ್ತದೆ. ತಾರಸಿಗೆ ಕಟ್ಟಿದರೆ ನಡುಕ ಗೋಡೆಗಿಳಿಯುತ್ತದೆ. ಬಯಲಿನಲ್ಲಿ ಎತ್ತರದ ಕಂಬ ನೆಡುವ ಜಾಗ ಇಲ್ಲದಿದ್ದರೆ, ಅದೇ ದುಡ್ಡಿಗೆ ಇನ್ನೆರಡು ಪ್ಯಾನೆಲ್ ಅಥವಾ ಬ್ಯಾಟರಿ ತೆಗೆದುಕೊಳ್ಳಿ ಎಂದೇ ನಾನು ಹೇಳುವುದು.

ಸೋಲಾರ್‌ಗೆ ಸಿಕ್ಕ ಅನುಮತಿ ಗಾಳಿಯಂತ್ರಕ್ಕೂ ಸಾಕು ಎಂದುಕೊಳ್ಳಬೇಡಿ. ವಿದ್ಯುತ್ ಕಂಪನಿಯ ಒಪ್ಪಿಗೆ ಕೈಗೆ ಬರುವ ತನಕ ಯಂತ್ರಕ್ಕೆ ಮುಂಗಡ ಕೊಡಬೇಡಿ.