ಗುರುಗಳ ವಿರುದ್ಧ ಬಹಿರಂಗವಾಗಿ ಬರೆಯುವುದು ಪಾಪವೇ?

ಸಭಾಭವನ ಕಟ್ಟಲು ಎತ್ತಿದ ಹಣದ ಲೆಕ್ಕವನ್ನು ನಿಮ್ಮ ಕಥೋಲಿಕ ಧರ್ಮಕೇಂದ್ರದ (ಪ್ಯಾರಿಷ್) ಗುರುಗಳು, ಅಂದರೆ ಪಾದ್ರಿಗಳು, ಕೊಡುತ್ತಿಲ್ಲ, ಫೇಸ್‌ಬುಕ್‌ನಲ್ಲಿ ಬರೆದರೆ ಪಾಪವಾಗುತ್ತದೆಯೇ ಎಂದು ಕೇಳಿದ್ದೀರಿ. ಬರೆಯುವುದೇ ಪಾಪವಲ್ಲ, ಸುಳ್ಳು ಬರೆದರೆ ಪಾಪ.

1983ರ ಕಥೋಲಿಕ ಧರ್ಮಸಭೆಯ (ಚರ್ಚ್) ಕಾನೂನು ಸಂಹಿತೆಯ 212ನೇ ವಿಧಿಯನ್ನು ಓದಿ. ಧರ್ಮಸಭೆಯ ಒಳಿತಿನ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಗುರುಗಳಿಗೂ ಇತರ ಭಕ್ತರಿಗೂ ತಿಳಿಸುವ ಹಕ್ಕು ವಿಶ್ವಾಸಿಗಳಿಗಿದೆ, ಕೆಲವೊಮ್ಮೆ ಅದು ಕರ್ತವ್ಯವೂ ಹೌದು ಎನ್ನುತ್ತದೆ ಅದು. ಗೌರವ ತಪ್ಪಬಾರದು, ವ್ಯಕ್ತಿಯ ಘನತೆಗೆ ಕುಂದು ಬರಬಾರದು, ಅಷ್ಟೇ. ಅಂತಿಯೋಕ್ಯದಲ್ಲಿ ಸಂತ ಪೌಲರು ಯೇಸುವಿನ ಶಿಷ್ಯರಲ್ಲಿ ಪ್ರಮುಖರಾದ ಪೇತ್ರರನ್ನೇ ಎಲ್ಲರೆದುರು ಪ್ರಶ್ನಿಸಿದ್ದು ಬೈಬಲಿನಲ್ಲೇ ಇದೆ. ಬೆಂಗಳೂರಿನ ಕನ್ನಡ ಕ್ರೈಸ್ತರು ತಮ್ಮ ಭಾಷೆಯ ಪೂಜೆಗಾಗಿ ಬಾಯಿ ಬಿಡದೆ ಕುಳಿತಿದ್ದರೆ ಏನಾಗುತ್ತಿತ್ತು ಹೇಳಿ!

ಆದರೂ ಫೇಸ್‌ಬುಕ್ ಮೊದಲ ಮೆಟ್ಟಿಲಲ್ಲ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಬೇಕೆಂದು 537ನೇ ವಿಧಿ ಹೇಳುತ್ತದೆ. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು 1287ನೇ ವಿಧಿ. ಈ ಎರಡನ್ನೂ ನಮೂದಿಸಿ ಅರ್ಜಿ ಬರೆಯಿರಿ, ನಾಲ್ಕಾರು ಕುಟುಂಬಗಳ ಸಹಿ ಹಾಕಿಸಿ, ಒಂದು ಪ್ರತಿಯನ್ನು ಮಹಾಧರ್ಮಾಧ್ಯಕ್ಷರ (ಆರ್ಚ್‌ಬಿಷಪ್) ಕಚೇರಿಗೆ ಕೊಟ್ಟು ಸ್ವೀಕೃತಿಯ ಮೊಹರು ಪಡೆಯಿರಿ. ಆಗಲೂ ಉತ್ತರ ಬಾರದಿದ್ದರೆ ಆ ಅರ್ಜಿಯನ್ನೇ ಪ್ರಕಟಿಸಿ. "ಕಳ್ಳ" ಎಂಬ ಪದ ಮಾತ್ರ ಬೇಡ. ಪುರಾವೆ ಇಲ್ಲದೆ ಹಾಗೆಂದರೆ ಮಾನನಷ್ಟ ಮೊಕದ್ದಮೆ ನಿಮ್ಮ ಕೊರಳಿಗೇ ಸುತ್ತಿಕೊಳ್ಳುತ್ತದೆ.

ಇದೆಲ್ಲ ಹಣದ ಮಾತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಅರ್ಜಿ, ಸಮಿತಿ ಎಂದು ಕಾಯಬೇಡಿ. ಪೋಕ್ಸೊ ಕಾಯ್ದೆಯಂತೆ ನೇರವಾಗಿ ಪೊಲೀಸರಿಗೆ ತಿಳಿಸಲೇಬೇಕು.