ಎರೆಮಣ್ಣು ಬೂದಿಮಣ್ಣಲ್ಲ: ಚಿಂಚೋಳಿಯ ಲೇಖಕಿಗೆ ಒಂದು ಉತ್ತರ

ಚಿಂಚೋಳಿಯ ಲೇಖಕಿಗೆ ವಂದನೆಗಳು.

ನಮ್ಮ ವಿಜ್ಞಾನ ಪುರವಣಿಗೆಂದು ನೀವು ಕಳುಹಿಸಿದ 'ಕಡಿದಾದ ಕಾಡುಬೆಟ್ಟಗಳ ಬೂದಿಮಣ್ಣು' ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಬರುವುದಿಲ್ಲ. ಆದರೆ ತಿದ್ದಿ ಬರೆದರೆ ಪ್ರಕಟಿಸಬೇಕೆಂಬ ಆಸೆ ನನಗಿದೆ. ವಿಷಾದದ ಎರಡು ಸಾಲು ಬರೆದು ಕೈತೊಳೆದುಕೊಳ್ಳದೆ ಇಷ್ಟು ದೀರ್ಘವಾಗಿ ಬರೆಯುತ್ತಿರುವುದು ಆ ಕಾರಣಕ್ಕೆ.

ಮೊದಲು ದೊಡ್ಡ ದೋಷ. ನಿಮ್ಮ ವಾದದ ಸರಣಿ ಹೀಗಿದೆ: ಕಲಬುರಗಿ, ಬೀದರ್‌ಗಳ ಕರಿನೆಲ ದಖನ್ನಿನ ಲಾವಾದಿಂದ ಆದದ್ದು, ಲಾವಾ ಜ್ವಾಲಾಮುಖಿಯದ್ದು, ಆದ್ದರಿಂದ ನಮ್ಮ ಎರೆಮಣ್ಣು ಮತ್ತು ಜ್ವಾಲಾಮುಖಿಯ ಬೂದಿಯಿಂದಾದ ಜಪಾನಿನ ಬೂದಿಮಣ್ಣು ಒಂದೇ ಕುಲದವು. ಮೊದಲ ಎರಡು ಮಾತು ನಿಜ, ಮೂರನೆಯದು ತಪ್ಪು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ಹರಿದದ್ದು ಲಾವಾ. ಅದು ನಿಧಾನವಾಗಿ ಆರಿ, ಹರಳುಗಟ್ಟಿ, ಬಸಾಲ್ಟ್ ಕಲ್ಲಾಯಿತು. ಆ ಕಲ್ಲು ಕಡಿಮೆ ಮಳೆಯ ಬಯಲಿನಲ್ಲಿ ಶಿಥಿಲಗೊಂಡು, ನೀರು ಕುಡಿದರೆ ಉಬ್ಬುವ, ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರಿಯುವ ಸ್ಮೆಕ್ಟೈಟ್ ಜೇಡಿಯನ್ನು ಕೊಟ್ಟಿತು. ಅದೇ ಬಸಾಲ್ಟ್ ಬೀದರ್ ಕೋಟೆಯ ದಿಬ್ಬದಲ್ಲಿ ಕೆಂಪು ಜಂಬಿಟ್ಟಿಗೆಯಾಗಿದೆ. ಒಂದೇ ಕಲ್ಲು ಎರಡು ಬಗೆಯ ನೆಲವಾಗಿರುವುದನ್ನು ದಿನವೂ ನೋಡುವ ನಾವು, ಕಲ್ಲಿನ ಹುಟ್ಟನ್ನು ಮಾತ್ರ ನೋಡಿ ಮಣ್ಣಿನ ಕುಲ ಹೇಳಬಾರದು.

ಬೂದಿಯ ಕಥೆಯೇ ಬೇರೆ. ಸ್ಫೋಟದಲ್ಲಿ ಶಿಲಾಪಾಕವು ಚೂರುಚೂರಾಗಿ ಗಾಳಿಗೆ ಚಿಮ್ಮಿ, ಹರಳುಗಟ್ಟಲು ಸಮಯವೇ ಸಿಗದೆ ಗಾಜಾಗಿಬಿಡುತ್ತದೆ. ಗಾಜಿನೊಳಗೆ ಅಣುಗಳ ಕ್ರಮಬದ್ಧ ಜೋಡಣೆ ಇಲ್ಲದಿರುವುದರಿಂದ ತೇವದ ಕಾಡಿನಲ್ಲಿ ಅದು ಬಹುಬೇಗ ಕರಗಿ, ಅಲ್ಯೂಮಿನಿಯಂ, ಸಿಲಿಕಾ ಕೂಡಿದ ಅಲ್ಲೊಫೇನ್ ಎಂಬ ಖನಿಜದ ನಾಲ್ಕೈದು ನ್ಯಾನೊಮೀಟರು ಗಾತ್ರದ ಟೊಳ್ಳು ಗೋಲಿಗಳನ್ನೂ ಇಮೊಗೊಲೈಟ್ ಎಂಬ ಅದಕ್ಕಿಂತ ಸಪುರವಾದ ನಳಿಕೆಗಳನ್ನೂ ಹುಟ್ಟಿಸುತ್ತದೆ. ಎಲೆಗೊಬ್ಬರ ಹೆಚ್ಚಿರುವ ಹುಳಿಮಣ್ಣಿನ ಮೇಲ್ಪದರದಲ್ಲಿ ಅಲ್ಯೂಮಿನಿಯಂ ಅಲ್ಲೊಫೇನ್ ಆಗುವ ಬದಲು ಹ್ಯೂಮಸ್ಸನ್ನೇ (ಕೊಳೆತ ಎಲೆಬೇರುಗಳ ಕಪ್ಪು ಅಂಶವನ್ನೇ) ಹಿಡಿದುಕೊಂಡು ಅದನ್ನು ಕೊಳೆಯಗೊಡುವುದಿಲ್ಲ. ಜಪಾನಿನ ಬೂದಿಮಣ್ಣು ಕಪ್ಪಾಗಿರುವುದಕ್ಕೆ ಇದು ಮುಖ್ಯ ಕಾರಣ. ನಮ್ಮ ಎರೆಯ ಕಪ್ಪಿಗೂ ಆ ಕಪ್ಪಿಗೂ ಸಂಬಂಧವಿಲ್ಲ. ನಮ್ಮ ಹೊಲಗಳಲ್ಲಿ ಸಾವಯವ ಅಂಶ ಎಷ್ಟು ಕಡಿಮೆಯೆಂಬುದು ಮಣ್ಣುಪರೀಕ್ಷೆಯ ಚೀಟಿ ನೋಡಿದ ಯಾವ ರೈತನಿಗಾದರೂ ಗೊತ್ತು.

ಈಗ ನಿಮ್ಮ ಪ್ರಯೋಗಕ್ಕೆ ಬರುತ್ತೇನೆ. ಕಾಲೇಜಿನ ಪ್ರಯೋಗಾಲಯದಲ್ಲಿ, ಕ್ಷಾರ ತಗುಲಿದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ಸವರಿದ ಸೋಸುಕಾಗದದ ಮೇಲೆ ಚಿಟಿಕೆ ಎರೆಮಣ್ಣಿಟ್ಟು, ಸೋಡಿಯಂ ಫ್ಲೋರೈಡ್ ದ್ರಾವಣದ ಹನಿ ಬಿಟ್ಟಾಗ ಕಾಗದ ಗುಲಾಬಿಯಾಯಿತೆಂದೂ, ಅದು ಅಲ್ಲೊಫೇನಿನ ಗುರುತೆಂದೂ ಬರೆದಿದ್ದೀರಿ. ಓದಿದ್ದನ್ನು ಕೈಯಿಂದ ಮಾಡಿ ನೋಡಿದ್ದು ನನಗೆ ಬಹಳ ಹಿಡಿಸಿತು. ಆ ಪರೀಕ್ಷೆಯೂ ಸುಳ್ಳಲ್ಲ. ಫ್ಲೋರೈಡು ಅಲ್ಲೊಫೇನಿನ ಹೈಡ್ರಾಕ್ಸಿಲ್ ಅನ್ನು ಹೊರದೂಡುವುದರಿಂದ ಕ್ಷಾರತೆ ಏರಿ ಬಣ್ಣ ಬರುತ್ತದೆ. ಆದರೆ ಮಣ್ಣಿನಲ್ಲಿ ಸುಣ್ಣವಿದ್ದರೂ ಅದೇ ಬಣ್ಣ ಬರುತ್ತದೆ. ನಿಮ್ಮ ಹೊಲದ ಎರೆಯನ್ನು ಅಂಗೈಯಲ್ಲಿ ಪುಡಿಮಾಡಿ ನೋಡಿ, ಬಿಳಿಯ ಸುಣ್ಣದ ಹರಳುಗಳು ಸಿಗುತ್ತವೆ. ಅವುಗಳ ಮೇಲೆ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲ ಬಿಟ್ಟರೆ ನೊರೆಯೇಳುತ್ತದೆ. ನೊರೆಯೆದ್ದ ಮಣ್ಣಿಗೆ ಫ್ಲೋರೈಡ್ ಪರೀಕ್ಷೆ ಲೆಕ್ಕಕ್ಕಿಲ್ಲ. ಈ ತಪ್ಪನ್ನು ಅಳಿಸಿಹಾಕಬೇಡಿ. ಪ್ರಯೋಗವನ್ನು ಆಮ್ಲದ ಹನಿಯೊಂದಿಗೆ ಮತ್ತೆ ಮಾಡಿ, ಎರಡನ್ನೂ ಲೇಖನದಲ್ಲಿಡಿ. ನಮ್ಮ ಓದುಗರಿಗೆ ಬೇರೆಲ್ಲೂ ಸಿಗದ ಭಾಗ ಅದೇ. ಸೋಡಿಯಂ ಫ್ಲೋರೈಡ್ ವಿಷವೆಂಬ ಎಚ್ಚರಿಕೆಯನ್ನು ಮಾತ್ರ ಮರೆಯದೆ ಸೇರಿಸಿ.

ಬೂದಿಮಣ್ಣು ನೀರನ್ನು 'ಸ್ಪಂಜಿನಂತೆ' ಹೀರುತ್ತದೆಂದು ಮತ್ತೆ ಮತ್ತೆ ಬರೆದಿದ್ದೀರಿ. ಅದರ ಬದಲು ಅಂಕಿ ಕೊಡಿ. ಅಮೆರಿಕದ ಮಣ್ಣು ವರ್ಗೀಕರಣದಲ್ಲಿ 1990ರಲ್ಲಿ ಆಂಡಿಸಾಲ್ ಎಂಬ ಪ್ರತ್ಯೇಕ ಗಣ ಸೇರಿದಾಗ, ಚೆನ್ನಾಗಿ ಶಿಥಿಲಗೊಂಡ ಬೂದಿಮಣ್ಣಿನ ಸ್ಥೂಲ ಸಾಂದ್ರತೆ (ರಂಧ್ರಗಳೂ ಸೇರಿದ ಗಾತ್ರಕ್ಕೆ ಒಣಮಣ್ಣಿನ ತೂಕ) ಘನ ಸೆಂಟಿಮೀಟರಿಗೆ 0.9 ಗ್ರಾಂ ಮೀರಬಾರದೆಂದೂ, ಹಾಕಿದ ಫಾಸ್ಫೇಟಿನಲ್ಲಿ ಶೇ. 85ಕ್ಕೆ ಕಡಿಮೆಯಿಲ್ಲದಷ್ಟನ್ನು ಅದು ಹಿಡಿದಿಟ್ಟುಕೊಳ್ಳಬೇಕೆಂದೂ ನಿಯಮವಾಯಿತು. ಅಂದರೆ ಅಷ್ಟು ಮಣ್ಣು ಅದೇ ಅಳತೆಯ ನೀರಿಗಿಂತ ಹಗುರ. ಫಾಸ್ಫೇಟ್ ಗೊಬ್ಬರವಾದ ಡಿಎಪಿಯ ಚೀಲದ ಬೆಲೆ ಬಲ್ಲ ತೊಗರಿ ಬೆಳೆಗಾರನಿಗೆ ಎರಡನೆಯ ಅಂಕಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸೂಕ್ಷ್ಮವೂ ಇದೆ: ನೀಲಗಿರಿಯ ಎತ್ತರದ ನೆಲೆಗಳಲ್ಲಿ ಜ್ವಾಲಾಮುಖಿ ಬೂದಿಯ ಸೋಂಕೇ ಇಲ್ಲದೆ ಇದೇ ಗುಣಗಳ ಮಣ್ಣು ಕಂಡುಬಂದಿದೆ. ಆದ್ದರಿಂದ ಗುಣ ಕಂಡಲ್ಲೆಲ್ಲ ಬೂದಿ ಎನ್ನುವಂತಿಲ್ಲ.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ತಲೆಬರಹದಲ್ಲಿ 'ಕಡಿದಾದ' ಎಂದೂ 'ಕಾಡು' ಎಂದೂ ಹಾಕಿದ ನೀವು, ಇಳಿಜಾರಿನ ಬಗ್ಗೆ ಬರೆದದ್ದು ಕೊನೆಯ ಒಂದು ಕಂಡಿಕೆ. ವಿಷಯದ ಜೀವ ಇರುವುದು ಅಲ್ಲಿ. ಬೂದಿ ಆಕಾಶದಿಂದ ಬೀಳುವಂಥದ್ದು. ಕೆಳಗಿನ ಕಲ್ಲು ಯಾವುದೆಂದು ಕೇಳಿ ಬೀಳುವುದಿಲ್ಲ. ಇಟಲಿಯ ಸಾರ್ನೊ ಊರಿನ ಮೇಲಿನ ಬೆಟ್ಟ ಸುಣ್ಣಕಲ್ಲಿನದು, ಅಂದರೆ ನಮ್ಮ ಶಹಾಬಾದಿನ ಕಲ್ಲಿನ ಜಾತಿಯದು. ಅದರ ಮೈಮೇಲೆ ವೆಸೂವಿಯಸ್ಸಿನ ಸ್ಫೋಟಗಳ ಬೂದಿ ಮತ್ತು ಹಗುರಗಲ್ಲು ಹೊದಿಕೆಯಾಗಿ ಕೂತಿದ್ದವು. 1998ರ ಮೇ 5ರಂದು ಸತತ ಮಳೆಗೆ ಆ ಹೊದಿಕೆ ಸುಣ್ಣಕಲ್ಲಿನ ಮೇಲಿಂದ ಜಾರಿ ಕೆಸರಿನ ಪ್ರವಾಹವಾಗಿ ಇಳಿದು, ಸಾರ್ನೊ ಮತ್ತು ಸುತ್ತಲಿನ ಊರುಗಳಲ್ಲಿ ಸುಮಾರು 160 ಜನ ಸತ್ತರು. ಜಪಾನಿನ ಹೊಕ್ಕೈಡೊದಲ್ಲಿ 2018ರ ಸೆಪ್ಟೆಂಬರ್ 6ರ ಭೂಕಂಪಕ್ಕೆ ಅತ್ಸುಮಾ ಸುತ್ತಿನ ಕಾಡುಗುಡ್ಡಗಳಲ್ಲಿ ಸಾವಿರಾರು ಕಡೆ ಇದೇ ರೀತಿಯ ಹೊದಿಕೆ ಮರಗಳ ಸಮೇತ ಕಳಚಿಬಿತ್ತು. ಬೇರುಗಳು ಮೇಲಿನ ಪದರವನ್ನಷ್ಟೇ ಹಿಡಿದಿದ್ದರೆ ಅದರ ಕೆಳಗಿನ ಜಾರುಪದರಕ್ಕೆ ಮರ ಅಡ್ಡಬರುವುದಿಲ್ಲ. ಬೂದಿಮಣ್ಣನ್ನು ಒದ್ದೆಯಾಗಿ ಬೆರಳುಗಳ ನಡುವೆ ಹಿಸುಕಿದರೆ ಮೊದಲು ಗಟ್ಟಿಯಾಗಿ ತಡೆದು, ಒತ್ತಡ ಹೆಚ್ಚಾದಾಗ ಥಟ್ಟನೆ ಸೋತು, ನೀರು ಬಿಟ್ಟು ಲೋಳೆಯಂತೆ ಜಾರುತ್ತದೆ. ಬೆರಳ ನಡುವಿನ ಈ ಸೋಲನ್ನು ಮೊದಲು ಬರೆದು, ಅನಂತರ ಬೆಟ್ಟಕ್ಕೆ ಹೋಗಿ.

ಕಾಡು ಬೂದಿಯನ್ನು ಉಳಿಸುವ ಬಗೆಗೆ ಅಮೆರಿಕದ ಉತ್ತರ ಐಡಾಹೊ ಒಳ್ಳೆಯ ಉದಾಹರಣೆ. ಸುಮಾರು 7,700 ವರ್ಷಗಳ ಹಿಂದೆ ಆರೆಗಾನಿನ ಮಝಾಮಾ ಪರ್ವತ ಸಿಡಿದು ಕುಸಿದು, ಇಂದು ಕ್ರೇಟರ್ ಲೇಕ್ ಇರುವ ಗುಂಡಿಯಾಯಿತು. ಅದರ ಬೂದಿ 500 ಕಿಲೋಮೀಟರಿಗೂ ಆಚೆಯ ಬೆಟ್ಟಗಳ ಮೇಲೆ ಬಿತ್ತು. ತಂಪಾದ, ದಟ್ಟ ಕಾಡಿನ ಉತ್ತರದ ಇಳಿಜಾರುಗಳಲ್ಲಿ ಅದು ದಪ್ಪ ಪದರವಾಗಿ ಉಳಿದಿದೆ. ಬಿಸಿಲು ಬಡಿಯುವ, ಮರ ವಿರಳವಾದ ದಕ್ಷಿಣದ ಮಗ್ಗುಲಲ್ಲಿ ಬಹುಪಾಲು ತೊಳೆದುಹೋಗಿದೆ. ಅಲ್ಲಿನ ಮರಗಳು ಬೇಸಿಗೆ ಕಳೆಯುವುದು ಈ ಪದರ ಹಿಡಿದಿಟ್ಟ ನೀರಿನಿಂದ. ಮರ ಕಡಿಯುವ ಭಾರಿ ಯಂತ್ರ ಹರಿದರೆ ಆ ಹಗುರ ಮಣ್ಣು ಅಮುಕಿಹೋಗಿ, ಚೇತರಿಸಿಕೊಳ್ಳಲು ದಶಕಗಳು ಬೇಕಾಗುತ್ತವೆ. ತರಗೆಲೆಯ ಹೊದಿಕೆ ಸುಟ್ಟುಹೋದರೆ ಮಳೆ ಕೆಳಗಿನ ಬೂದಿಯನ್ನು ಕೊಚ್ಚಿ ಒಯ್ಯುತ್ತದೆ, ಮತ್ತು ಹೋದ ಬೂದಿಯನ್ನು ತುಂಬಿಕೊಡಲು ಇನ್ನೊಂದು ಸ್ಫೋಟವೇ ಆಗಬೇಕು.

ನಮ್ಮ ಸೀಮೆಯ ಕಡೆಗೆ ಬೂದಿ ಬಂದೇ ಇಲ್ಲವೆನ್ನಬೇಡಿ. ಸುಮಾತ್ರಾದ ಟೋಬಾ ಜ್ವಾಲಾಮುಖಿ ಸುಮಾರು 74,000 ವರ್ಷಗಳ ಹಿಂದೆ ಉಗುಳಿದ ಬೂದಿ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ ಸಿಕ್ಕಿದೆ. ಆದರೆ ಅದು ಕಣಿವೆಯ ತಗ್ಗಿನಲ್ಲಿ ಹೂತುಕೊಂಡ ಪದರ, ಬೆಟ್ಟದ ಮೇಲಿನ ಮಣ್ಣಲ್ಲ. ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದರೆ ಸಾಕು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ಪ್ರಕೃತಿ ಮಾತೆಯ ಮಡಿಲಲ್ಲಿ' ಎಂದು ಶುರುವಾಗುವ ಮೊದಲ ಎರಡು ಕಂಡಿಕೆಗಳನ್ನು ಪೂರ್ತಿ ತೆಗೆಯಿರಿ. ಸೋದರಮಾವನ ಹೊಲದಲ್ಲಿ ಎರೆಯ ಬಿರುಕಿಗೆ ಕೋಲು ಇಳಿಸಿ ಆಳ ನೋಡಿದ ಸಾಲುಗಳು ಮಧ್ಯದಲ್ಲೆಲ್ಲೋ ಹುದುಗಿವೆ. ಲೇಖನ ಅಲ್ಲಿಂದ ಶುರುವಾಗಲಿ, ಏಕೆಂದರೆ ಹಾಗೆ ಬಿರಿಯದ ಮಣ್ಣೊಂದಿದೆ ಎಂದು ಹೇಳಿದರೆ ಸೇಡಂ, ಆಳಂದದ ಓದುಗ ಕುತೂಹಲದಿಂದ ಮುಂದೆ ಓದುತ್ತಾನೆ. ಆಂಗ್ಲ ಪಠ್ಯದಿಂದ ಎತ್ತಿದ ಕೋಷ್ಟಕ ಬೇಡ.

ತಿದ್ದಿದ ಪ್ರತಿ ಸಾವಿರದ ಇನ್ನೂರು ಪದ ಮೀರದಿರಲಿ. ಪ್ರಯೋಗದ ಎರಡು ಚಿತ್ರಗಳನ್ನು, ಗುಲಾಬಿಯಾದ ಕಾಗದದ್ದು ಒಂದು, ನೊರೆಯೆದ್ದ ಎರೆಯದ್ದು ಇನ್ನೊಂದು, ಒಂದೇ ಬೆಳಕಿನಲ್ಲಿ ತೆಗೆದು ಪ್ರತ್ಯೇಕವಾಗಿ ಕಳುಹಿಸಿ.

ಸಂಪಾದಕ, ಕಲಬುರಗಿ