ರಾಮೇಶ್ವರದಾಗ ಸಣ್ಣ ಮಕ್ಕಳ ಜೋಡಿ ಸಮುದ್ರಕ್ಕ ಇಳಿಯೋದು ಎಲ್ಲಿ?

ನಮಸ್ಕಾರ್ರಿ. ಡಿಸೆಂಬರ್ ಕೊನೀಗೆ ಕಲಬುರಗಿಯಿಂದ ಅತ್ತಿ-ಮಾವ, ಇಬ್ಬರು ಸಣ್ಣ ಮಕ್ಕಳನ್ನ ಕರಕೊಂಡು ರಾಮೇಶ್ವರಕ್ಕ ಹೊಂಟೀರಿ. ಫೋಟೋದಾಗ ಧನುಷ್ಕೋಡಿ ಭಾಳ ಚಂದ ಕಾಣ್ತದ, ಒಂದು ದಿನ ಅಲ್ಲೇ ಮಕ್ಕಳನ್ನ ನೀರಾಗ ಆಡಿಸಬೇಕಂತ ಮಾಡೀರಿ, ಅದಕ್ಕಿಂತ ಒಳ್ಳೇ ಬೀಚ್ ಅದ ಏನು ಅಂತ ಕೇಳೀರಿ. ಯಾತ್ರೆಗೆ ಗಾಡಿ ಕಟ್ಟಿ ಕಳಿಸೋ ಕೆಲಸ ಹೊಸದಾಗಿ ಹಿಡಿದಾಗ ನಾನೂ ಇದೇ ಪ್ರಶ್ನೆ ಕೇಳ್ತಿದ್ದೆ. ಈಗ ನನ್ನ ಉತ್ತರ ಇಷ್ಟೇ: ಆ ದ್ವೀಪದಾಗ "ಒಳ್ಳೇ ಬೀಚ್" ಅಂತ ಒಂದು ಇಲ್ಲರೀ. ಈ ತಿಂಗಳು, ಈ ಗಾಳಿಗೆ ಯಾವ ದಂಡಿ ತಣ್ಣಗದ ಅನ್ನೋದಷ್ಟೇ ಕೇಳಬೇಕು.

ನಕ್ಷೆ ತೆಗೆದು ನೋಡ್ರಿ. ರಾಮೇಶ್ವರ ಇರೋ ಪಾಂಬನ್ ದ್ವೀಪ ಪಶ್ಚಿಮಕ್ಕ ಅಗಲ ಅದ, ಪೂರ್ವಕ್ಕ ಹೋಗ್ತಾ ಸಣ್ಣಾಗಿ ಕೊನೀಗೆ ಬರೇ ಮರಳಿನ ಪಟ್ಟಿ ಉಳೀತದ. ಧನುಷ್ಕೋಡಿ ಇರೋದು ಆ ಪಟ್ಟಿ ಮ್ಯಾಲೇ, ಅದರ ತುದಿಗೆ ಅರಿಚಲ್ ಮುನೈ. ಉತ್ತರಕ್ಕ ಪಾಕ್ ಕೊಲ್ಲಿ, ದಕ್ಷಿಣಕ್ಕ ಮನ್ನಾರ್ ಕೊಲ್ಲಿ. ಪಾಕ್ ಕೊಲ್ಲಿ ಅಂದ್ರ ಪರಾತದಾಗ ನೀರು ಹಾಕಿಟ್ಟಂಗ, ಬಹುತೇಕ ಕಡಿ 15 ಮೀಟರ್ ಮ್ಯಾಲ ಆಳ ಇಲ್ಲ. ಮನ್ನಾರ್ ಕೊಲ್ಲಿ ಹಂಗಲ್ಲ, ಅದು ಸೀದಾ ಹಿಂದೂ ಮಹಾಸಾಗರಕ್ಕ ತೆರಕೊಂಡದ. ದಂಡಿ ಬಿಟ್ಟು ಸ್ವಲ್ಪ ಹೋದ್ರ ಆಳ, ಮತ್ತ ದೂರದ ಸಾಗರದಾಗ ಎದ್ದ ತೆರಿ ಗಾಳಿ ಇಲ್ಲದ ದಿನನೂ ಬಂದು ಬಡೀತದ. ಅಲ್ಲಿಯ ಮೀನುಗಾರರು ಉತ್ತರದ್ದಕ್ಕ ಪೆಣ್ ಕಡಲ್ (ಹೆಣ್ಣು ಸಮುದ್ರ), ದಕ್ಷಿಣದ್ದಕ್ಕ ಆಣ್ ಕಡಲ್ (ಗಂಡು ಸಮುದ್ರ) ಅಂತಾರ.

ನಮ್ಮ ಕಡಿ ಮಂದಿ ಮಾಡೋ ತಪ್ಪು ಒಂದೇ, ಅದನ್ನ ಬಿಡಿಸಿ ಹೇಳ್ತೀನಿ. ಎರಡು ದಿನ ಪ್ರಯಾಣ ಮಾಡಿ ಹೋಗಿರ್ತಾರ, ಅರಿಚಲ್ ಮುನೈದಾಗ ಗಾಡಿ ಇಳೀತಾರ, ಡ್ರೈವರ್ ಒಂದು ತಾಸು ಅಂತಾನ. ಎಡಕ್ಕೊಂದು ಸಮುದ್ರ, ಬಲಕ್ಕೊಂದು ಸಮುದ್ರ. ಎಡಗಡಿ ನೀರು ಸುಮ್ಮನ ನಿಂತಂಗ ಕಾಣ್ತದ, ಬಲಗಡಿ ತೆರಿ ಎದ್ದು ಬೆಳ್ಳಗ ಒಡೀತಿರ್ತದ. ಫೋಟೋಕ್ಕ ಚಂದ ಅಂತ ಎಲ್ಲಾರೂ ಬಲಗಡಿ ಹೋಗ್ತಾರ, ಇಲ್ಲಾ ಎರಡೂ ಕೂಡೋ ತುದಿಗೇ ನಡೀತಾರ. ಅಲ್ಲಿ ಮರಳು ಇಳಿಜಾರಲ್ಲ, ಮೆಟ್ಟಿಲಿನಂಗ ಕಡದಿರ್ತದ: ಎರಡು ಹೆಜ್ಜಿ ಮೊಣಕಾಲು, ಮೂರನೇದಕ್ಕ ಸೊಂಟ. ತೆರಿ ಹಿಂದಕ್ಕ ಸರಿಯುವಾಗ ಅಂಗಾಲ ಕೆಳಗಿನ ಮರಳನ್ನೂ ಎಳಕೊಂಡು ಹೋಗ್ತದ, ನಿಂತವರು ನಿಂತಲ್ಲೇ ವಾಲ್ತಾರ. ಒದ್ದಿ ಸೀರಿ ಕಾಲಿಗೆ ಸುತ್ತಿಕೊಂಡ್ರ ಎದ್ದು ನಿಲ್ಲಾಕ ಆಗಂಗಿಲ್ಲ. ಅಷ್ಟರೊಳಗ ಆ ಕಡಿ ಸಮುದ್ರದ ತೆರಿ ಪಕ್ಕದಿಂದ ಬಂದು ಹೊಡೀತದ.

ಇದಕ್ಕೊಂದು ಕಾರಣ ಅದ. ಎರಡು ಕೊಲ್ಲಿಗಳ ನಡುವ ನೀರು ದಾಟಾಕ ಇಲ್ಲಿ ಇರೋ ಮುಖ್ಯ ದಾರಿ ಎರಡು. ಒಂದು ಪಾಂಬನ್ ಸೇತುವೆ ಕೆಳಗಿನ ಸಣ್ಣ ಕಾಲುವೆ, ಇನ್ನೊಂದು ಅರಿಚಲ್ ಮುನೈ ಆಚೆ ರಾಮಸೇತುವಿನ ಮರಳುದಿಬ್ಬಗಳ ಸಂದು. ಗಾಳಿ ಬದಲಾದಂಗ ಇಡೀ ಕೊಲ್ಲಿ ನೀರು ಆ ಸಂದಿನಾಗಿಂದ ನುಗ್ತದ, ತೆರಿ ಇಲ್ಲದಿದ್ರೂ ಸೆಳವು ಇರ್ತದ. ಹಂಗಾಗಿ ಎಡಗಡಿ ಸುಮ್ಮನಿದ್ದಂಗ ಕಾಣೋ ನೀರೂ ತುದಿಯಲ್ಲಿ ನಂಬೋ ಹಂಗಿಲ್ಲ. ನಮ್ಮ ಮಂದಿ "ನಾ ಬಾವ್ಯಾಗ ಈಜಿ ಬೆಳದಾಂವ, ಭೀಮಾ ದಾಟೀನಿ" ಅಂತಾರ. ಬಾವಿ ನೀರು ನಿಂತಲ್ಲೇ ನಿಂತಿರ್ತದರೀ. ಅಲ್ಲಿ ಸ್ನಾನ ನಿಷೇಧ ಅಂತ ಬೋರ್ಡ್ ಹಾಕ್ಯಾರ, ಪೊಲೀಸರೂ ಇರ್ತಾರ. ಧನುಷ್ಕೋಡಿ ನೋಡಾಕ ಹೋಗ್ರಿ, ಮಕ್ಕಳನ್ನ ಆಡಿಸಾಕ ಬ್ಯಾಡ್ರಿ. ಇದರ ಮ್ಯಾಲ ನನ್ನ ಜೋಡಿ ವಾದ ಮಾಡಬ್ಯಾಡ್ರಿ.

ಈಗ ತಿಂಗಳ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ನೈಋತ್ಯದಿಂದ, ದಕ್ಷಿಣದ ದಂಡಿ ಕುದೀತದ, ಉತ್ತರದ ದಂಡಿ ಮರಿಯಾಗ ಇರ್ತದ. ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಈಶಾನ್ಯ ಗಾಳಿ, ಲೆಕ್ಕ ತಿರುಗಾಮುರುಗಾ: ಪಾಕ್ ಕೊಲ್ಲಿ ಕಲಕಿ ರಾಡಿ ಆಗ್ತದ, ದಕ್ಷಿಣದಾಗ ಮರಿ ಸಿಗ್ತದ. ಫೆಬ್ರವರಿ, ಮಾರ್ಚ್ ಎರಡೂ ಕಡಿ ಸಮಾಧಾನ. ನೀವು ಕೇಳೀರೋ ಡಿಸೆಂಬರ್ ಕೊನೀ ವಾರ ನನ್ನ ಲೆಕ್ಕದಾಗ ಸಮುದ್ರ ಸ್ನಾನಕ್ಕ ಒಳ್ಳೇ ಕಾಲ ಅಲ್ಲ. 1964ರಾಗ ಡಿಸೆಂಬರ್ 22–23ರ ರಾತ್ರಿ ಬಂದ ಚಂಡಮಾರುತನೇ ಧನುಷ್ಕೋಡಿ ಊರನ್ನ, ಅಲ್ಲಿಗೆ ಹೊಂಟಿದ್ದ ಪ್ಯಾಸೆಂಜರ್ ರೈಲನ್ನ ಮಂದಿ ಸಮೇತ ಕೊಚ್ಚಿಕೊಂಡು ಹೋಗಿದ್ದು. ಈಗಲೂ ಚರ್ಚಿನ ಗ್ವಾಡಿ, ರೈಲು ಸ್ಟೇಷನ್ನಿನ ಮುರುಕು ಕಾಣ್ತಾವ. ರಜಾ ಹೊಂದಿಸಾಕ ಬಂದ್ರ ಫೆಬ್ರವರಿಗೆ ದೂಡ್ರಿ. ಬರಂಗಿಲ್ಲ ಅಂದ್ರ ಹೊರಡೋ ಎರಡು ದಿನ ಮೊದಲಿನಿಂದ ಪಾಂಬನ್ ಬಂದರಿನ ಸುದ್ದಿ ನೋಡಕೊಂತ ಇರ್ರಿ. ಅಲ್ಲಿ ಚಂಡಮಾರುತದ ಎಚ್ಚರಿಕೆ ಗುರುತನ್ನ ಕಂಬಕ್ಕ ಏರಿಸ್ತಾರ, 1ರಿಂದ 11ರ ತನಕ ನಂಬರ್ ಇರ್ತಾವ. ಯಾವುದೇ ನಂಬರ್ ಏರಿದ್ದು ಕೇಳಿದ್ರ ನೀರಿನ ಆಸೆ ಬಿಟ್ಟು ಬರೇ ದೇವರ ದರ್ಶನ ಮಾಡಿ ಬರ್ರಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯವರು ದೊಡ್ಡ ತೆರಿ ಬರೋ ದಿನದ ಮುನ್ಸೂಚನೆನೂ ಕೊಡ್ತಾರ.

ಡಿಸೆಂಬರ್‌ದಾಗ ಗಾಳಿ ಸಾಧಾರಣ ಇದ್ರ ಮಕ್ಕಳನ್ನ ಕುಂದುಕಾಲ್ ಕಡಿ ಕರಕೊಂಡು ಹೋಗ್ರಿ. ದ್ವೀಪದ ನೈಋತ್ಯಕ್ಕದ, 1897ರಾಗ ವಿವೇಕಾನಂದರು ವಿದೇಶದಿಂದ ವಾಪಸ್ ಬಂದು ಇಳಿದಿದ್ದು ಅಲ್ಲೇ, ಸ್ಮಾರಕ ಅದ. ಎದುರಿಗೆ ಕುರುಸಡೈ ದ್ವೀಪ ಇರೋದ್ರಿಂದ ತೆರಿ ಅಲ್ಲೇ ಮುರೀತದ. ಮೀನಿನ ದೋಣಿ ನಿಲ್ಲೋ ಜಾಗ, ವಾಸನಿ ಇರ್ತದ, ಬೀಚ್ ಅಂತ ಸಿಂಗಾರ ಏನೂ ಇಲ್ಲ. ಪಾದ ಮುಳುಗೋಷ್ಟು ನೀರಿನಾಗ ಆಡಾಕ ಸಾಕು. ಆ ಕಡಿಯ ಸಣ್ಣ ದ್ವೀಪಗಳೆಲ್ಲ ಮನ್ನಾರ್ ಕೊಲ್ಲಿ ಸಾಗರ ರಾಷ್ಟ್ರೀಯ ಉದ್ಯಾನಕ್ಕ ಸೇರ್ಯಾವ. ಹವಳದ ತುಂಡು ಎತ್ತಿಕೊಂಡು ಬರಬ್ಯಾಡ್ರಿ, ಕೇಸ್ ಆಗ್ತದ.

ಫೆಬ್ರವರಿಗೆ ಹೋದ್ರ ನನ್ನ ಮೊದಲ ಆಯ್ಕೆ ದ್ವೀಪದಾಗೇ ಇಲ್ಲ, ಅರಿಯಮಾನ್. ಪಾಂಬನ್ ಸೇತುವೆ ದಾಟಿ, ಮಂಡಪಂ ಬಿಟ್ಟು, ಉಚ್ಚಿಪುಳಿ ಹತ್ತಿರ. ಪಾಕ್ ಕೊಲ್ಲಿ ದಂಡಿ, ಉದ್ದಕ ಮರಳು, ಗಾಳಿ ಮರದ ನೆರಳು, ಭಾಳ ದೂರ ನಡೆದ್ರೂ ಮೊಣಕಾಲು ನೀರು. ನೆರಳು ಅನ್ನೋದು ಸಣ್ಣ ಮಾತಲ್ಲರೀ. ಧನುಷ್ಕೋಡಿ ರಸ್ತೆಗೆ ಒಂದು ಗಿಡದ ನೆರಳೂ ಸಿಗಂಗಿಲ್ಲ. ನಾವು ಮೇ ತಿಂಗಳ ಬಿಸಿಲು ಉಂಡವರು ಖರೆ, ಅಲ್ಲಿ ಗಾಳಿ ತಣ್ಣಗ ಬೀಸ್ತದಂತ ಸುಡೋದು ಗೊತ್ತೇ ಆಗಂಗಿಲ್ಲ, ರಾತ್ರಿ ಮಕ್ಕಳ ಹೆಗಲ ಚರ್ಮ ಉರೀತದ. ಓಲೈಕುಡಾ, ಸಂಗುಮಾಲ್ ಅಂತ ಊರಿಗೆ ಹತ್ತಿರದ ಮೀನುಗಾರರ ಹಳ್ಳಿಗಳೂ ಉತ್ತರದ ದಂಡಿಗೇ ಅವ. ಅಲ್ಲಿ ತಳಕ್ಕ ಹವಳದ ಕಲ್ಲು, ಚಪ್ಪಲಿ ಇಲ್ಲದ ಇಳಿದ್ರ ಕಾಲು ಕೊಯ್ತದ. ಪಟ್ಟಿ ಇರೋ ಸ್ಯಾಂಡಲ್ ಹಾಕಸ್ರಿ.

ಯಾವ ದಂಡಿಗೆ ಹೋದ್ರೂ ಇಳಿಯೋಕ್ಕಿಂತ ಮೊದಲು ಒಂದು ಕೆಲಸ ಮಾಡ್ರಿ. ಕುಡಿದು ಬಿಟ್ಟ ಎಳನೀರಿನ ಚಿಪ್ಪೊಂದನ್ನ ಸೊಂಟದಷ್ಟು ಆಳ ಇರೋ ಕಡಿ ಒಗೀರಿ, ಹತ್ತು ನಿಮಿಷ ಕೂತು ನೋಡ್ರಿ. ತೇಲಿ ದಂಡಿಗೇ ವಾಪಸ್ ಬಂದ್ರ ಇಳೀಬಹುದು. ನೀವು ನಡೆಯೋ ವೇಗದಾಗ ಪಕ್ಕಕ್ಕ ಹೋದ್ರ, ಇಲ್ಲಾ ಒಳಗ ಹೋದ್ರ, ಅಲ್ಲಿ ಸೆಳವು ಅದ. ತೆರಿ ಸಾಲಾಗಿ ಬೆಳ್ಳಗ ಒಡೀತಿದ್ದು ನಡುವ ಒಂದು ಕಡಿ ಮಾತ್ರ ಒಡೀದೇ ಕಪ್ಪಗ ಸುಮ್ಮನದ ಅಂದ್ರ ಅದು ಆರಾಮ ಜಾಗ ಅಲ್ಲ, ನೀರು ಹಿಂದಕ್ಕ ಹೋಗೋ ದಾರಿ. ಅದರಾಗ ಸಿಕ್ಕವರು ದಂಡಿ ಕಡಿಗೇ ಎದುರೀಜಿ ಸುಸ್ತಾಗಿ ಮುಳುಗ್ತಾರ. ದಂಡಿಗೆ ಸಮನಾಗಿ ಪಕ್ಕಕ್ಕ ಸರಿದು, ಸೆಳವು ಬಿಟ್ಟ ಮ್ಯಾಲ ತಿರುಗಬೇಕು. ಮಕ್ಕಳನ್ನ ಬೆರಳು ಹಿಡದು ನಿಲ್ಲಿಸಬ್ಯಾಡ್ರಿ, ಮಣಿಕಟ್ಟು ಹಿಡೀರಿ, ಒದ್ದಿ ಬೆರಳು ಜಾರ್ತಾವ. ಜೆಲ್ಲಿ ಮೀನು ಕಡಿದ್ರ ಸಮುದ್ರದ ನೀರಿನಿಂದಲೇ ತೊಳೀರಿ. ಬಾಟ್ಲಿ ನೀರು ಹಾಕಿದ್ರ, ಮರಳು ಹಚ್ಚಿ ತಿಕ್ಕಿದ್ರ ಉರಿ ಜಾಸ್ತಿ ಆಗ್ತದ.

ಹಿರಿಯರಿಗೆ ಅಗ್ನಿತೀರ್ಥ. ಗುಡಿಯ ಪೂರ್ವ ಗೋಪುರದ ಎದುರಿಗೇ ಸಮುದ್ರ, ಮೆಟ್ಟಿಲು ಅವ, ತೆರಿ ಕಡಿಮಿ. ಮಂದಿ ಬಿಟ್ಟು ಹೋದ ಹಳೇ ಬಟ್ಟಿ ನೀರಾಗ ಕಾಲಿಗೆ ಸುತ್ತಿಕೊಳ್ತಾವ, ಅದಕ್ಕ ಅತ್ತಿಯವರ ಕೈ ಬಿಡಬ್ಯಾಡ್ರಿ. ಬೆಳಕಾಗೋ ಹೊತ್ತಿಗೆ ಮುಳುಗಿ, ಗುಡಿಯೊಳಗಿನ 22 ತೀರ್ಥದ ಸ್ನಾನ ಮುಗಿಸಿ, ಒಣ ಬಟ್ಟಿ ಹಾಕ್ಕೊಂಡೇ ದರ್ಶನಕ್ಕ ಹೋಗಬೇಕು, ಒದ್ದಿ ಬಟ್ಟಿಲೆ ಬಿಡಂಗಿಲ್ಲ. ಮಕ್ಕಳ ಆಟಕ್ಕ ಇದು ಜಾಗ ಅಲ್ಲ.

ಮಕ್ಕಳಿಗೆ ಆಟಕ್ಕಿಂತ ಚಲೋ ಅನಿಸೋದೊಂದು ಅದ: ವಿಲ್ಲೂಂಡಿ ತೀರ್ಥ, ತಂಗಚ್ಚಿಮಡಂ ಹತ್ತಿರ. ಸಮುದ್ರದೊಳಗ ಬಾವಿ, ನೀರು ಸಿಹಿ. ಧನುಷ್ಕೋಡಿಯಲ್ಲಿ ಗುಡಿಸಲದವರೂ ಮರಳಾಗ ಸಣ್ಣ ಗುಂಡಿ ತೋಡಿ ಕುಡಿಯೋ ನೀರು ಎತ್ತತಾರ. ಬಿದ್ದ ಮಳಿ ನೀರು ಮರಳಾಗ ಇಳಿದು, ಉಪ್ಪುನೀರಿಗಿಂತ ಹಗುರ ಇರೋದ್ರಿಂದ ಅದರ ಮ್ಯಾಲ ತೇಲಿ ನಿಲ್ತದ. ಗುಂಡಿ ಆಳ ಮಾಡಿದ್ರ ಉಪ್ಪು ಬರ್ತದ. ಐದುನೂರು ಫೂಟ್ ಬೋರ್ ಹೊಡೆಸಿ ಗಾಳಿ ಬಂದಿದ್ದು ಕಂಡ ನಮ್ಮ ಕಡಿ ಹಿರಿಯರು ಅಲ್ಲಿ ಕೂತು ನೋಡಕೊಂತೇ ಇರ್ತಾರ.

ಹೋಗೋ ದಾರಿ: ಕಲಬುರಗಿ, ಯಾದಗಿರಿಯವರಿಗೆ ಚೆನ್ನೈ ಕಡಿ ಹೋಗೋ ರೈಲು ಸಿಗ್ತಾವ. ಚೆನ್ನೈದಾಗ ಸೆಂಟ್ರಲ್‌ದಾಗ ಇಳಿದು ಎಗ್ಮೋರ್‌ಗೆ ಹೋಗಿ ರಾತ್ರಿ ರೈಲು ಹಿಡೀಬೇಕು, ನಡುವ ಕನಿಷ್ಠ ಮೂರು ತಾಸು ಇಟ್ಟುಕೊಳ್ರಿ. 2025ರ ಏಪ್ರಿಲ್‌ನಾಗ ಹೊಸ ಪಾಂಬನ್ ಸೇತುವೆ ಆದ ಮ್ಯಾಲ ರೈಲು ಮತ್ತ ದ್ವೀಪದೊಳಗೇ ಹೋಗ್ತದ. ಬೀದರದವರು ಹೈದರಾಬಾದ್ ಮ್ಯಾಲಿಂದ ಹೋಗೋದೇ ಸಲೀಸು.

ಅರಿಚಲ್ ಮುನೈಗೆ ಮುಂಜಾನಿ ಸೂರ್ಯ ಹುಟ್ಟೋ ಹೊತ್ತಿಗೇ ಹೋಗ್ರಿ, ಊರಿಂದ 20 ಕಿ.ಮೀ. ಆಸುಪಾಸು, ತುದಿತನಕ ಡಾಂಬರ್ ರಸ್ತೆ ಅದ. ಸಂಜಿಗೆ ಪೊಲೀಸರು ಎಲ್ಲಾರನ್ನೂ ವಾಪಸ್ ಕಳಿಸ್ತಾರ, ತಡ ಮಾಡಿ ಹೋದವರನ್ನ ನಡುವೇ ತಿರುಗಿಸ್ತಾರ. ಬರೋವಾಗ ಕೋದಂಡರಾಮರ ಗುಡಿ ಹತ್ತಿರ ಗಾಡಿ ನಿಲ್ಲಿಸ್ರಿ. ಸುತ್ತಲ ಹಿನ್ನೀರಿನಾಗ ಚಳಿಗಾಲದ ಕೊನೀಗೆ ರಾಜಹಂಸ ಬಂದಿರ್ತಾವ. ರಸ್ತೆ ಮ್ಯಾಲಿಂದಲೇ ನೋಡ್ರಿ, ಆ ಕೆಸರು ಮ್ಯಾಲ ಒಣಗಿದಂಗ ಕಂಡ್ರೂ ಒಳಗ ಮೊಣಕಾಲತನಕ ಹೂತುಕೊಳ್ತದ.